ಪಂಚಮಿಯಂದು ಬೀಸಿದ ಕಲ್ಲು

ನಾನು ಒಂದು ಬೀಸುವ ಕಲ್ಲು. ಇದ್ದದ್ದು ಇದ್ದಂತೆ ಹೇಳಬೇಕೆಂದರೆ ಅರ್ಧ ಬೀಸುವ ಕಲ್ಲು. ಜೋಡಿಯಲ್ಲಿ ಕೆಳಗಿನದು ನಾನು. ಮೇಲಿನ ಕಲ್ಲು ಗರಗರ ತಿರುಗುತ್ತದೆ, ಸದ್ದು ಮಾಡುತ್ತದೆ, ಹೆಂಗಸರು ಹಾಡುವುದೂ ಅದರ ಗೂಟ ಹಿಡಿದುಕೊಂಡೇ. ಕೆಳಗಿನದನ್ನು ಕೇಳುವವರು ಯಾರು? ಇರಲಿ ಬಿಡಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇತ್ತು, ಈಗಿಲ್ಲ. ಕೂತಲ್ಲೇ ಕೂತಿದ್ದರಿಂದ ಮೇಲಿನ ಮಾತೂ ಕೇಳಿದೆ, ನೆಲದ ಕೆಳಗಿನ ಮಾತೂ ಕೇಳಿದೆ. ಕೇಳಿದ್ದನ್ನು ಎಂಬತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತೆ.

ನಾನು ಹುಟ್ಟಿದ್ದು ಗುಬ್ಬಿಹಾಳದ ಮೂಡಣ ದಿಕ್ಕಿನ ಕಲ್ಲುಗುಡ್ಡದಲ್ಲಿ. ಕಟೆದವನು ತಿಮ್ಮಣ್ಣ ಎಂಬ ಕಲ್ಲುಕುಟಿಗ. "ಭಾಳ ಹಟಮಾರಿ ಕಲ್ಲ ಇದು, ಮೂರ ಉಳಿ ತಿಂತು" ಎಂದು ಬೈದುಕೊಂಡೇ ನನ್ನನ್ನು ದುಂಡಗೆ ಮಾಡಿದ. ಶನಿವಾರದ ಸಂತೆಯಲ್ಲಿ ಒಬ್ಬ ಮುದುಕ ನನ್ನ ಮೈ ಸವರಿ, ಬೆರಳಿಗೆ ಚುರುಕು ತಗಲಿದ್ದಕ್ಕೆ ಖುಷಿಪಟ್ಟು, ಮಗಳ ಮದುವೆಗೆಂದು ಕೊಂಡ. ಆ ಮಗಳೇ ಫಕ್ಕೀರವ್ವ. ಅವಳ ಜೊತೆ ನಾನೂ ಗಂಡನ ಮನೆಗೆ ಗುಬ್ಬಿಹಾಳಕ್ಕೆ ಬಂದೆ. ಹುಟ್ಟಿದೂರಿಗೇ ಸೊಸೆಯಾಗಿ ಬಂದ ಹಾಗಾಯಿತು ನನ್ನ ಕಥೆ.

ಫಕ್ಕೀರವ್ವನ ಕೈ ಗಟ್ಟಿ ಕೈ. ನಸುಕಿನಲ್ಲಿ ಎದ್ದು ಎರಡು ಸೇರು ಜೋಳ ಬೀಸಿದರೆ ಹಿಟ್ಟು ಮೆತ್ತಗೆ ಬೂದಿಯಂತೆ ಬೀಳುತ್ತಿತ್ತು. ಗಂಡ ಬೇಗ ತೀರಿಕೊಂಡ. ಒಬ್ಬನೇ ಮಗ, ಅಡಿವೆಪ್ಪ. ಅವನನ್ನು ನನ್ನ ಪಕ್ಕದಲ್ಲೇ ಗೋಣಿತಟ್ಟಿನ ಮೇಲೆ ಮಲಗಿಸಿ ಬೀಸುತ್ತಿದ್ದಳು. ನನ್ನ ಸದ್ದಿಲ್ಲದಿದ್ದರೆ ಆ ಹುಡುಗನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ದೊಡ್ಡವನಾದ, ಮದುವೆಯಾದ. ಸೊಸೆ ಚನ್ನವ್ವ ಬಂದಳು. ಅವಳಿಗೆ ನನ್ನ ಗೂಟ ಎಳೆಯುವುದೆಂದರೆ ಭಾರಿ ಬೇಸರ, ಆದರೆ ಮನಸ್ಸು ಒಳ್ಳೆಯದು.

ಇನ್ನು ಆ ವರ್ಷದ ಮಾತು. ಹಿಂದಿನ ಶ್ರಾವಣದಲ್ಲೇ ಊರೂರಿಗೂ ಚಲೇಜಾವ್ ಗಾಳಿ ಬೀಸಿತ್ತು. ತಂತಿ ಕತ್ತರಿಸಿದರಂತೆ, ಸ್ಟೇಶನ್ ಸುಟ್ಟರಂತೆ ಎಂದು ನಮ್ಮ ಅಂಗಳದಲ್ಲೂ ಮಾತಾಡುತ್ತಿದ್ದರು. ಅಡಿವೆಪ್ಪ ಏನೂ ಮಾತಾಡುತ್ತಿರಲಿಲ್ಲ. ಮಾತಾಡದ ಮಗನನ್ನು ಕಂಡರೆ ತಾಯಿಗೆ ದಿಗಿಲು. ಆ ದಿಗಿಲು ಅವಳ ಕೈಯಿಂದ ಗೂಟಕ್ಕೆ, ಗೂಟದಿಂದ ನನಗೆ ಇಳಿಯುತ್ತಿತ್ತು.

ಮರುವರ್ಷ ಪಂಚಮಿಗೆ ಇನ್ನೂ ಆರು ದಿನವಿದೆ ಎನ್ನುವಾಗ, ಚನ್ನವ್ವನನ್ನು ಅವಳ ಅಣ್ಣ ಬಂದು ತವರಿಗೆ ಕರೆದೊಯ್ದ. ಅವಳಿಗೆ ಆಗ ಐದು ತಿಂಗಳು. ಅದೇ ಸಂಜೆ ದನ ಮನೆಗೆ ಬರುವ ಹೊತ್ತಿಗೆ ಅಡಿವೆಪ್ಪನ ಚಕ್ಕಡಿಯೂ ಬಂತು. ಮೇವಿನ ಹೊರೆ ಇಳಿಸಿದರೆ ಅದರ ಕೆಳಗಿನಿಂದ ಮೂವರು ಗಂಡಸರು ಎದ್ದರು. ಒಬ್ಬ ನಡುವಯಸ್ಸಿನವನು, ಒಬ್ಬ ಕೆಮ್ಮುವವನು, ಇನ್ನೊಬ್ಬ ಎಳೆ ಮೀಸೆಯವನು.

"ಯವ್ವಾ, ಆರ ದಿನ ಇಟ್ಟಗೋಬೇಕ. ಹೆಸರ ಕೇಳಬ್ಯಾಡ, ನಿನ್ನ ಹೆಸರ ಹೇಳಬ್ಯಾಡ, ಊರಿನ ಹೆಸರೂ ಬ್ಯಾಡ. ಪೊಲೀಸರು ಹಿಡದ ಬಡದರ ಬಾಯಿ ಬಿಡಾಕ ಅವರ ಹತ್ರ ಏನೂ ಇರಬಾರದು" ಎಂದ ಅಡಿವೆಪ್ಪ.

ಫಕ್ಕೀರವ್ವ ಅವರನ್ನು ಒಮ್ಮೆ ನೋಡಿದಳು. "ಉಂಡಾರೇನ?" ಎಂದು ಕೇಳಿದಳು, ಅಷ್ಟೇ.

ಅವರನ್ನು ಇಡುವುದೆಲ್ಲಿ? ಅಡಿಗೆ ಕೋಣೆಯ ಮೂಲೆಯಲ್ಲಿ ಒಂದು ಹಗೇವು ಇತ್ತು. ಹಗೇವು ಎಂದರೆ ಜೋಳ ತುಂಬಿಡುವ ನೆಲದ ಕುಣಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಆ ವರ್ಷ ಅದು ಖಾಲಿ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಇರುತ್ತದೆ, ಇಳಿದವರು ಏಳುವುದಿಲ್ಲ. ಫಕ್ಕೀರವ್ವ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟಳು. ಆರಿತು. ಬೀಸಣಿಗೆ ಹಾಕಿ ಹಾಕಿ ಮತ್ತೆ ಇಳಿಬಿಟ್ಟಳು. ಮೂರನೆಯ ಸಲ ದೀಪ ಉಳಿಯಿತು, ಅವರು ಇಳಿದರು. ಬಾಯಿಯ ಮೇಲೆ ಎರಡು ಹಲಗೆ ಅಡ್ಡ ಹಾಕಿ, ನಡುವೆ ಗಾಳಿಗೆ ಸಂದು ಬಿಟ್ಟು, ಆ ಹಲಗೆಗಳ ಮೇಲೆ ನನ್ನನ್ನು ಕೂರಿಸಿದರು. ಸುತ್ತ ಗೋಣಿತಟ್ಟು ಹಾಸಿ ಮೇಲೆ ಒಂದಿಷ್ಟು ಹಿಟ್ಟು ಚೆಲ್ಲಿದರು. ಇದ್ದಕ್ಕಿದ್ದಂತೆ ನಾನು ಬಾಗಿಲಾಗಿಬಿಟ್ಟೆ.

ದಿನಾ ನಸುಕಿನಲ್ಲಿ ಅವಳು ಬೀಸುವಾಗ ಎಳೆ ಮೀಸೆಯವನು ಹಗೇವಿನೊಳಗೆ ಎದ್ದು ನಿಲ್ಲುತ್ತಿದ್ದ. ತಂತಿ ಕತ್ತರಿಸಲು ತಂದಿದ್ದ ಒಂದು ಸಣ್ಣ ಉಳಿ ಅವನ ಹತ್ತಿರ ಇತ್ತು. ಬೀಸುವ ಸದ್ದಿನ ಮರೆಯಲ್ಲಿ, ಆ ಸಂದಿನಿಂದ ಕೈ ಹಾಕಿ, ನನ್ನ ತಳದ ಮೇಲೆ ಏನೋ ಕೊರೆಯುತ್ತಿದ್ದ. ಕಚಗುಳಿ! ಹಟಮಾರಿ ಕಲ್ಲು ನಾನು, ಸುಲಭಕ್ಕೆ ಬಿಡಲಿಲ್ಲ. ಅವನೂ ಬಿಡಲಿಲ್ಲ. ಐದು ದಿನಕ್ಕೆ ಎರಡು ಅಕ್ಷರ.

ಪಂಚಮಿಯ ಹಿಂದಿನ ದಿನ ನಮ್ಮ ಕಡೆ ರೊಟ್ಟಿ ಹಬ್ಬ. ಮನೆಮನೆಯಲ್ಲೂ ರಾಶಿ ರೊಟ್ಟಿ ಬಡಿದು ಒಬ್ಬರಿಗೊಬ್ಬರು ಹಂಚುತ್ತಾರೆ. ಪಂಚಮಿಯ ದಿನ ಮಾತ್ರ ಒಲೆಯ ಮೇಲೆ ಹಂಚು ಇಡುವಂತಿಲ್ಲ, ಏನನ್ನೂ ಹೆಚ್ಚುವಂತಿಲ್ಲ, ನೆಲ ಅಗೆಯುವಂತಿಲ್ಲ, ಬೀಸುವುದಂತೂ ಇಲ್ಲವೇ ಇಲ್ಲ. ನಾಗಪ್ಪನಿಗೆ ನೋವಾಗುತ್ತದೆ. ಆ ದಿನ ನನಗೂ ಹಾಲು ಎರೆದು, ಅರಿಷಿಣ ಹಚ್ಚಿ, ರಜೆ ಕೊಡುತ್ತಿದ್ದರು. ವರ್ಷಕ್ಕೆ ಒಂದೇ ರಜೆ ನನಗೆ.

ಆ ಪಂಚಮಿಯ ಬೆಳಗ್ಗೆ ಅಡಿವೆಪ್ಪ ಮುಂದಿನ ದಾರಿಯ ಏರ್ಪಾಟಿಗೆಂದು ಪಕ್ಕದೂರಿಗೆ ಹೋಗಿದ್ದ. ಊರಲ್ಲಿ ಜೋಕಾಲಿ ಕಟ್ಟಿದ್ದರು, ಹುಡುಗಿಯರ ಕೇಕೆ ಕೇಳುತ್ತಿತ್ತು. ಆ ಕೇಕೆ ಫಕ್ಕನೆ ನಿಂತಿತು. ಬೂಟಿನ ಸದ್ದು. ಫೌಜದಾರ ಬಂದಿದ್ದ, ನಾಲ್ವರು ಪೊಲೀಸರೊಂದಿಗೆ. ತಲೆಮರೆಸಿಕೊಂಡವರು ಯಾರಾದರೂ ಹಬ್ಬಕ್ಕೆ ಮನೆಗೆ ಬಂದೇ ಬರುತ್ತಾರೆಂದು ಲೆಕ್ಕ ಹಾಕಿಕೊಂಡು ಬಂದಿದ್ದನಂತೆ. ಊರಗೌಡನನ್ನು ಮುಂದಿಟ್ಟುಕೊಂಡು ಓಣಿಯ ಒಂದೊಂದೇ ಮನೆ ಹೊಕ್ಕು ಹುಡುಕತೊಡಗಿದ. ಎರಡು ಮನೆ ಆಚೆ. ಒಂದು ಮನೆ ಆಚೆ.

ಆಗ ಕೆಳಗಿನವನು ಕೆಮ್ಮಿದ.

ಫಕ್ಕೀರವ್ವ ತಾನೂ ಕೆಮ್ಮಿ ಅದನ್ನು ಮುಚ್ಚಿದಳು. ಅವನು ಮತ್ತೆ ಕೆಮ್ಮಿದ. ಉಳಿದಿಬ್ಬರು ಬಾಯಿಗೆ ಬಟ್ಟೆ ಒತ್ತಿದರು, ಆದರೆ ಆ ಕೆಮ್ಮು ಬಟ್ಟೆಗೆ ನಿಲ್ಲುವಂಥದ್ದಲ್ಲ. ಬೂಟು ಅಂಗಳಕ್ಕೆ ಬಂತು. ಅವಳು ಓಡಿ ಬಂದು ನನ್ನ ಮುಂದೆ ಕೂತಳು. ಗೂಟ ಹಿಡಿದಳು. ಹಿಡಿದವಳು ತಿರುಗಿಸಲಿಲ್ಲ. ನನ್ನ ಮೈಮೇಲೆ ಆಗಷ್ಟೇ ಎರೆದ ಹಾಲು ಇನ್ನೂ ಹಸಿಯಾಗಿತ್ತು. ನನಗೂ ಭಯ. ಬೇಡ ಎನ್ನಲೇ, ತಿರುಗಿಸು ಎನ್ನಲೇ? ನನ್ನನ್ನು ಕೇಳುವವರಾದರೂ ಯಾರು?

"ತಪ್ಪಾತಪ್ಪಾ ನಾಗಪ್ಪಾ" ಎಂದಳು ಮೆಲ್ಲಗೆ. ಒಂದು ಹಿಡಿ ಜೋಳ ಹಾಕಿ ಎಳೆದಳು.

ಅಬ್ಬಾ, ಎಂಥ ಸದ್ದು! ದಿನವೂ ಅದೇ ಸದ್ದೇ, ಆದರೆ ಪಂಚಮಿಯ ದಿನ ಇಡೀ ಊರು ಸುಮ್ಮನಿರುವಾಗ ಗುಡುಗಿನ ಹಾಗೆ ಕೇಳಿತು. ಕೆಮ್ಮು ಅದರಲ್ಲಿ ಮುಳುಗಿಹೋಯಿತು. ಫೌಜದಾರ ಒಳಗೆ ಬರುವ ಮೊದಲೇ ಓಣಿಯ ಹೆಂಗಸರು ಬಾಗಿಲಿಗೆ ಮುತ್ತಿದರು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಹಿರಿಯಳು ಈರವ್ವ.

"ಏನವಾ, ತಲಿ ನೆಟ್ಟಗೈತೇನ ನಿಂದು? ಇವತ್ತ ಪಂಚಮಿ!"

"ಗೊತ್ತೈತಿ."

"ಗೊತ್ತಿದ್ದೂ ಬೀಸಾಕ ಹತ್ತೀಯಾ?"

"ತಂಗಳಾ ತಿಂದ ತಿಂದ ಬಾಯಿ ಕೆಟ್ಟೈತಿ. ಬಿಸಿ ರೊಟ್ಟಿ ತಿನಬೇಕನಸ್ತು, ಬೀಸಾಕ ಹತ್ತೀನಿ. ನನ್ನ ಮನಿ, ನನ್ನ ಕಲ್ಲು."

ಹೆಂಗಸರು ಬಾಯಿಗೆ ಸೆರಗು ಹಚ್ಚಿದರು. "ಥೂ, ಏನ ನಾಲಿಗಿ ಚಪಲಾನೋ ಈಕೀದು!" ಎಂದು ಯಾರೋ ಉಗುಳಿದರು. ಅವಳು ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ. ನಾಲಿಗೆ ಚಪಲವಂತೆ! ಉಪವಾಸವಿದ್ದು ಆರು ದಿನ ತನ್ನ ಪಾಲನ್ನು ಕೆಳಗೆ ಇಳಿಸಿದವಳಿಗೆ! ಆಗ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಫೌಜದಾರ ಬೇರೆ ಸೀಮೆಯವನು. "ಏನ್ರೀ ಗೌಡರೇ, ಏನು ಗದ್ದಲ?" ಎಂದ. ಗೌಡ ತಲೆ ತಗ್ಗಿಸಿ ಹೇಳಿದ. ಫೌಜದಾರ ನಕ್ಕುಬಿಟ್ಟ. ನಕ್ಕವನು ಹೊರಗೆ ಹೋಗಬೇಕಷ್ಟೇ? ಇಲ್ಲ, ಒಳಗೇ ಬಂದ. ಅವನ ಬೂಟು ನನ್ನಿಂದ ಒಂದು ಗೇಣು ದೂರ ನಿಂತಿತು. ಕೈಯಲ್ಲಿದ್ದ ಬೆತ್ತದಿಂದ ಮೂಲೆಯ ಚೀಲ ತಿವಿದ. ಆಮೇಲೆ ಗೋಣಿತಟ್ಟು ತಿವಿದ. ಬೆತ್ತದ ತುದಿ ಹಲಗೆಗೆ ತಗಲಿ ಟೊಕ್ ಎಂದಿತು.

"ಏಳು. ಕಲ್ಲು ಸರಿಸು" ಎಂದ.

ಅವಳು ಏಳಲಿಲ್ಲ. ಬೀಸುತ್ತಲೇ ಇದ್ದಳು. ಫೌಜದಾರ ತಿರುಗಿ ಪೊಲೀಸರಿಗೆ ಕಣ್ಣು ಮಾಡಿದ. ಇಬ್ಬರು ಮುಂದೆ ಬಂದರು.

"ಮುಟ್ಟಬ್ಯಾಡ್ರಿ!" ಎಂದು ಚೀರಿದಳು ಈರವ್ವ. "ಪಂಚಮಿ ದಿನಾ ತಿರಗಿದ ಕಲ್ಲು ಅದು. ಮುಟ್ಟಿದವರ ವಂಶಕ್ಕ ಸುತ್ತಕೋತೈತಿ. ಆಕೀ ಪಾಪ ಆಕಿಗೆ ಇರಲಿ, ನಿಮಗ್ಯಾಕ್ರಿ ಅಪ್ಪಾ?"

ಪೊಲೀಸರು ಈ ಸೀಮೆಯವರೇ. ಅವರ ಮನೆಯಲ್ಲೂ ಅವ್ವಂದಿರು ಹಾಲು ಎರೆದು ಕೂತಿದ್ದರು. ಇಬ್ಬರೂ ಹಿಂದೆ ಸರಿದರು. ಫೌಜದಾರ ಗದರಿಸಿದ, ಯಾರೂ ಬರಲಿಲ್ಲ. ತಾನೇ ಬಾಗಿ ಕಲ್ಲು ಎತ್ತುವುದು ಅವನ ಹುದ್ದೆಗೆ ಕಡಿಮೆಯಾಯಿತೋ, ಅವನಿಗೂ ಒಳಗೊಳಗೇ ಅಳುಕಾಯಿತೋ, "ಹುಚ್ಚು ಮುದುಕಿ" ಎಂದು ಬೈದು ಹೊರಟುಹೋದ. ಈರವ್ವನಿಗೆ ತಾನೇನು ಮಾಡಿದೆನೆಂದು ಸಾಯುವವರೆಗೂ ತಿಳಿಯಲಿಲ್ಲ.

ಊರಿನಿಂದ ಬೂಟಿನ ಸದ್ದು ಪೂರ್ತಿ ಹೋಗುವವರೆಗೆ ಫಕ್ಕೀರವ್ವ ಬೀಸಿದಳು. ನಿಲ್ಲಿಸಿದಾಗ ಅವಳ ಅಂಗೈ ಬೊಬ್ಬೆ ಒಡೆದಿತ್ತು. ಹಲಗೆ ಸರಿಸಿದರೆ ಮೂವರ ತಲೆ, ಮೀಸೆ, ಹುಬ್ಬು ಎಲ್ಲಾ ಹಿಟ್ಟು ಉದುರಿ ಬೆಳ್ಳಗಾಗಿತ್ತು. ಅವರನ್ನು ಕಂಡು ಅವಳಿಗೆ ನಗು ಬಂತು, ನಗುತ್ತ ನಗುತ್ತ ಅಳು ಬಂತು.

"ಬೀಸಿದ್ದಂತೂ ಆತು. ಇನ್ನ ಹಂಚ ಇಡಾಕ ಏನ ಅಂಜಿಕಿ?" ಎಂದು ಒಲೆ ಹಚ್ಚಿದಳು. ಪಂಚಮಿಯ ದಿನ ಆ ಮೂವರಿಗೆ ಬಿಸಿ ರೊಟ್ಟಿ ಬಡಿದು ಹಾಕಿದಳು. ಎಳೆ ಮೀಸೆಯವನು ತಿನ್ನುತ್ತಾ, "ನಿಮ್ಮ ಹೆಸರಾದರೂ ಹೇಳ್ರಿ" ಎಂದ. ಅವಳು ಹೇಳಲಿಲ್ಲ. ಸಂಜೆ ಅಡಿವೆಪ್ಪನ ಚಕ್ಕಡಿಯಲ್ಲಿ, ಅದೇ ಮೇವಿನ ಕೆಳಗೆ, ಅವರು ಹೋದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಇಪ್ಪತ್ತೆರಡು ದಿನಕ್ಕೆ, ಹೆಸರುಕಾಯಿ ಬಿಡಿಸುವಾಗ, ಹೊಲದಲ್ಲಿ ಅಡಿವೆಪ್ಪನನ್ನು ಹಾವು ಕಚ್ಚಿತು. ಮನೆಗೆ ತರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಊರು ಬೇರೆ ಏನನ್ನು ಹೇಳೀತು? "ಪಂಚಮಿ ದಿನಾ ಬೀಸಿದ್ದಕ್ಕ ಮಗನ್ನ ತಿಂದ್ಲು" ಎಂದಿತು. ತವರಿನಿಂದ ಚನ್ನವ್ವ ಹೊಟ್ಟೆ ಹಿಡಿದುಕೊಂಡು ಬಂದಳು. ಅತ್ತೆಯ ಮುಖ ನೋಡಿ ಒಂದೇ ಮಾತು ಕೇಳಿದಳು. "ಅತ್ತೀ, ಬೀಸಿದ್ದು ಖರೇನ?"

ನಾನು ಕಾದೆ. ಹೇಳು, ಈಗಲಾದರೂ ಹೇಳು ಎಂದು ಒಳಗೇ ಒದ್ದಾಡಿದೆ. ಆದರೆ ಆ ಮೂವರು ಇನ್ನೂ ಹೊರಗಿದ್ದರು, ಪೊಲೀಸರು ಇನ್ನೂ ಹುಡುಕುತ್ತಿದ್ದರು. "ಖರೆ" ಎಂದಳು ಫಕ್ಕೀರವ್ವ.

ಸ್ವರಾಜ್ಯ ಬಂದ ಮೇಲೂ ಅವಳು ಬಾಯಿ ಬಿಡಲಿಲ್ಲ. ಯಾಕೆ ಎಂದು ನೀವು ಕೇಳಬಹುದು. ಹೇಳಿದರೆ ಚನ್ನವ್ವ ಏನು ಕೇಳುತ್ತಾಳೆ? ಗುರುತು ಪರಿಚಯವಿಲ್ಲದ ಮೂವರ ಸಲುವಾಗಿ ನನ್ನ ಗಂಡನನ್ನು ಕೊಟ್ಟೆಯಾ ಎಂದೇ ಕೇಳುತ್ತಾಳೆ. ಬರಬರುತ್ತ ಊರು ಹೇಳಿದ್ದನ್ನೇ ಅವಳೂ ನಂಬಿದಳು ಎಂದು ನನಗೆ ಅನುಮಾನ.

ಚನ್ನವ್ವ ನನ್ನ ಹಿಟ್ಟು ತಿನ್ನಲಿಲ್ಲ. ನನ್ನನ್ನು ದನದ ಕೊಟ್ಟಿಗೆಗೆ ನೂಕಿದರು. ಅಲ್ಲಿಂದ ನೋಡಿದೆ. ಒಂದೇ ಮನೆಯಲ್ಲಿ ಎರಡು ಒಲೆಯಾದವು. ಹುಟ್ಟಿದ ಕೂಸು ದ್ಯಾಮಪ್ಪ ಅಂಬೆಗಾಲಿಟ್ಟು ಆಯಿಯ ಕಡೆ, ಅಂದರೆ ಅಜ್ಜಿಯ ಕಡೆ, ಹೋದರೆ ತಾಯಿ ಎಳೆದುಕೊಳ್ಳುತ್ತಿದ್ದಳು. ಊರಲ್ಲಿ ಆ ಮನೆಗೆ ಹೆಸರೇ ಬಿತ್ತು, ಪಂಚಮಿ ಬೀಸಿದವರ ಮನೆ. ನಾಗಪ್ಪನ ಕಟ್ಟೆಯಲ್ಲಿ ಊರಿನವರೆಲ್ಲಾ ಹಾಲೆರೆದ ಮೇಲೆ, ಕಟ್ಟಕಡೆಗೆ ಅವರು ಎರೆಯಬೇಕು.

ಆಮೇಲೆ ಪರವೂರಿನಿಂದ ಬಂದ ಶಾಲೆಯ ಮಾಸ್ತರರ ಹೆಂಡತಿ ಬೇಳೆ ಒಡೆಯಲು ಕಲ್ಲು ಬೇಕೆಂದಾಗ ನನ್ನನ್ನು ಸುಮ್ಮನೆ ಕೊಟ್ಟುಬಿಟ್ಟರು. ಆಕೆಗೆ ಪಂಚಮಿಯ ಕಥೆ ಗೊತ್ತಿಲ್ಲ. ಪಾಪ, ನೆಮ್ಮದಿಯಿಂದ ಒಡೆದಳು. ಅಲ್ಲಿಗೆ ಒಂದು ಮಧ್ಯಾಹ್ನ ಫಕ್ಕೀರವ್ವ ಕೋಲೂರಿಕೊಂಡು ಬಂದಳು. "ಒಂದ ಹಿಡಿ ಬೀಸಿ ಹೋಗ್ಲೇನವಾ?" ಎಂದು ಕೇಳಿ ಕೂತಳು. ಕೈಯಲ್ಲಿ ಬಲ ಉಳಿದಿರಲಿಲ್ಲ. ನಾಲ್ಕು ಸುತ್ತು ತಿರುಗಿಸಿ ನಿಲ್ಲಿಸಿದಳು. "ನಿನಗ ಗೊತ್ತೈತಿ, ಅಷ್ಟ ಸಾಕ" ಎಂದು ನನ್ನ ಅಂಚು ಸವರಿದಳು. ಮತ್ತೆ ಬರಲಿಲ್ಲ. ಅವಳ ಹೆಣಕ್ಕೆ ಮೊಮ್ಮಗ ಹೆಗಲು ಕೊಟ್ಟನಂತೆ, ಮಣ್ಣು ಹಾಕಲಿಲ್ಲವಂತೆ.

ಗಿರಣಿ ಬಂತು. ಮೇಲಿನ ಕಲ್ಲನ್ನು ಯಾರೋ ಬಾವಿಯ ಕಟ್ಟೆಗೆ ಹಾಕಿದರು. ಅದರ ಜಂಬ ಅಲ್ಲಿಗೆ ಮುಗಿಯಿತು. ಹೇಳುತ್ತೇನೆ, ಅದಿಲ್ಲದೆ ನನಗೆ ಹಗಲು ಹೋಗುತ್ತಿರಲಿಲ್ಲ. ನಾನು ಶಾಲೆಗೆ ಹೋದೆ. ನೀರಿನ ಹರವಿಯ ಕೆಳಗೆ, ಆಮೇಲೆ ನಲ್ಲಿಯ ಕೆಳಗೆ ಮಕ್ಕಳು ಕಾಲಿಡುವ ಕಲ್ಲಾಗಿ ಬಿದ್ದೆ. ಐವತ್ತು ವರ್ಷ ಮಕ್ಕಳು ನನ್ನ ಮೇಲೆ ನಿಂತು ಕೈ ತೊಳೆದರು. ನನ್ನನ್ನು ಬೋರಲು ಹಾಕಿ ನೋಡಿದವರು ಒಬ್ಬರೂ ಇಲ್ಲ.

ಮೊನ್ನೆ ಹಳೆಯ ಶಾಲೆ ಕೆಡವಲು ಜೆಸಿಬಿ ಬಂತು. ರೊಟ್ಟಿ ಹಬ್ಬದ ದಿನ. ಗೋಡೆ ಉರುಳಿತು, ನಲ್ಲಿಯ ಕಟ್ಟೆ ಉರುಳಿತು, ನಾನು ರಾಶಿಗೆ ಬಿದ್ದೆ. ಅದರ ಬಕೆಟ್ ನನ್ನನ್ನು ಎತ್ತಿ ಟ್ರ್ಯಾಕ್ಟರಿನ ಮೇಲೆ ಹಿಡಿದಿತ್ತು. ಕೆರೆಯ ಏರಿಗೆ ಸುರಿಯುತ್ತಾರಂತೆ. ಮುಗಿಯಿತು, ಮಣ್ಣಿಗೆ ಹೋದೆ, ನನ್ನ ಜೊತೆ ಆ ಎರಡು ಅಕ್ಷರವೂ ಹೋಯಿತು ಎಂದುಕೊಂಡೆ.

"ಏ ಅಣ್ಣಾ, ನಿಲ್ಲಸೋ! ನಿಲ್ಲಸೋ ಅಂದೆನಲ್ಲಾ!"

ಖಾಕಿ ಅಂಗಿ ತೊಟ್ಟ ಹೆಣ್ಣುಮಗಳೊಬ್ಬಳು ಸೀಟಿ ಊದುತ್ತಾ ಓಡಿ ಬಂದಳು. ಬಸ್ಸಿನ ಕಂಡಕ್ಟರ್ ಕಸ್ತೂರಿ, ದ್ಯಾಮಪ್ಪನ ಮೊಮ್ಮಗಳು. ಜೆಸಿಬಿಯವನು ಅಭ್ಯಾಸಬಲದಿಂದ ಸೀಟಿಗೆ ನಿಲ್ಲಿಸಿಬಿಟ್ಟ.

ಅವಳು ನನ್ನನ್ನು ಹುಡುಕಿದ್ದು ಹೀಗೆ. ಆಗಸ್ಟ್ ಹದಿನೈದರ ಪೇಪರನ್ನು ಯಾರೋ ಸೀಟಿನ ಮೇಲೆ ಬಿಟ್ಟು ಇಳಿದಿದ್ದರು. ಅದರಲ್ಲಿ ವಿರೂಪಾಕ್ಷ ಮಾಸ್ತರ ಎಂಬ ಹೋರಾಟಗಾರರ ಹಳೆಯ ನೋಟ್‌ಬುಕ್ಕಿನ ಒಂದು ತುಣುಕು ಇತ್ತು. ಹೆಸರು ಗೊತ್ತಿಲ್ಲದ ಊರಲ್ಲಿ, ಹೆಸರು ಹೇಳದ ತಾಯಿ ತಮ್ಮನ್ನು ಹಗೇವಿನಲ್ಲಿ ಅಡಗಿಸಿದ್ದು. ತಲೆಯ ಮೇಲೆ ಕಲ್ಲು ಗುಡುಗಿದ್ದು. ಪಂಚಮಿಯ ದಿನ ಬಿಸಿ ರೊಟ್ಟಿ ತಿಂದದ್ದು. ಜೈಲಿನಿಂದ ಬಂದ ಮೇಲೆ ಅವರು ಹತ್ತಾರು ಊರು ತಿರುಗಿ, ನಮ್ಮನ್ನು ಕಾಪಾಡಿದವರು ಯಾರೆಂದು ಕೇಳಿದ್ದರಂತೆ. ಗುಬ್ಬಿಹಾಳದಲ್ಲೂ ಕೇಳಿರಬೇಕು. ಅಂಥವರು ನಮ್ಮೂರಲ್ಲಿ ಇಲ್ಲ ಎಂದೇ ಊರು ಹೇಳಿರಬೇಕು. ಪಂಚಮಿಯ ದಿನ ಬೀಸಿದವಳು ಯಾರು ಎಂದು ಕೇಳಿದ್ದರೆ ಚಿಕ್ಕ ಮಕ್ಕಳೂ ಮನೆ ತೋರಿಸುತ್ತಿದ್ದರು!

ಕಸ್ತೂರಿಯ ಕೈಯಿಂದ ಟಿಕೆಟ್ ಮಶೀನು ಜಾರಿತ್ತು. ಹುಟ್ಟಿದಾಗಿನಿಂದ ಕೇಳಿದ ಬೈಗುಳವೇ ಆ ಪೇಪರಿನಲ್ಲಿ ಬೇರೆಯೇ ಕಥೆಯಾಗಿ ಕೂತಿತ್ತು. ಪೇಪರಿನವರನ್ನು ಕೇಳಿ ವಿರೂಪಾಕ್ಷ ಮಾಸ್ತರರ ಮಗಳು ವಿಮಲಾ ಅವರಿಗೆ ಫೋನ್ ಮಾಡಿದಳು. "ಬರೀ ಬಾಯಿಮಾತು ಸಾಲದವಾ" ಎಂದರಂತೆ ಅವರು. "ಕಲ್ಲಿನ ತಳದಾಗ ಅಪ್ಪ ಅಕ್ಷರ ಕೊರದಿದ್ದ. ಏನಂತ ನಾ ಹೇಳೂದಿಲ್ಲ. ಕಲ್ಲ ಸಿಕ್ಕರ ನೀ ಓದಿ ಹೇಳು." ಅಂದಿನಿಂದ ಕಸ್ತೂರಿ ಮನೆಮನೆ ಕೇಳುತ್ತಾ, ನಮ್ಮೂರ ಶಾಲೆಯ ಮಾಸ್ತರರ ಮನೆಯಿಂದ ಶಾಲೆಗೆ ನನ್ನ ಜಾಡು ಹಿಡಿದು ಬಂದಿದ್ದಳು. ಅಜ್ಜ ದ್ಯಾಮಪ್ಪ ಮಾತ್ರ, "ಆಕೀ ಹೆಸರ ಎತ್ತಬ್ಯಾಡ. ಆ ಕಲ್ಲ ಮನಿಗೆ ಬಂದರ ನಾ ಹೊರಗ ಹೋಗ್ತೀನಿ" ಎಂದು ಹಾಸಿಗೆಯಿಂದಲೇ ಕೂಗಿದ್ದನಂತೆ. ಎಂಬತ್ತರ ಮುದುಕ, ಕಣ್ಣು ಹೋಗಿದೆ, ಉಸಿರು ಕಟ್ಟುತ್ತದೆ. ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ್ದರು.

ಕಸ್ತೂರಿ ನನ್ನನ್ನು ನೆಲಕ್ಕೆ ಇಳಿಸಿಕೊಂಡು ಬೋರಲು ಹಾಕಿದಳು. ಎಂಬತ್ತು ವರ್ಷದ ಮಣ್ಣನ್ನು ಬಾಟಲಿ ನೀರಿನಿಂದ ತೊಳೆದಳು. ಬೆರಳಿಟ್ಟು ಓದಿದಳು. ಅಲ್ಲೇ ಕಲ್ಲುಪುಡಿಯ ಮೇಲೆ ಕೂತು ಫೋನ್ ಹಚ್ಚಿ, ಆ ಎರಡು ಅಕ್ಷರ ಹೇಳಿದಳು. ಆ ಕಡೆಯಿಂದ ವಿಮಲಾ ಅವರು, ಅದೇ ಅಕ್ಷರ ಎಂದು ಹೇಳಿ, ಪೇಪರಿನಲ್ಲಿ ಬರದೆ ಉಳಿದ ನೋಟ್‌ಬುಕ್ಕಿನ ಪುಟಗಳನ್ನೂ ಓದಿ ಹೇಳಿದರು.

ಮರುದಿನ ಪಂಚಮಿ. ಬೆಳಗ್ಗೆ ಅವಳು ನನ್ನನ್ನು ತಂದು ಅಜ್ಜನ ಹಾಸಿಗೆಯ ಪಕ್ಕ ಇಟ್ಟಳು.

"ಏನ ತಂದೀ?"

"ಕೈ ಇಡ ಅಜ್ಜಾ. ಬೈಯೂದ ಆಮ್ಯಾಲ ಬೈ."

ಅವನ ಕೈ ಹಿಡಿದು ನನ್ನ ತಳದ ಮೇಲೆ ಇಟ್ಟಳು. ಒಣಗಿದ ಬೆರಳು ಗೆರೆಯ ಮೇಲೆ ಹರಿಯಿತು. ಒಮ್ಮೆ. ಮತ್ತೊಮ್ಮೆ. "ಅ" ಎಂದ. "ವ್ವ" ಎಂದ. ಕಸ್ತೂರಿ ಪೇಪರನ್ನು ಮೊದಲಿನಿಂದ ಓದಿದಳು.

ಕೇಳಿ ಮುಗಿದ ಮೇಲೆ ಅವನು ಒಂದೇ ಪ್ರಶ್ನೆ ಕೇಳಿದ. ಅದನ್ನೇ ಕೇಳುತ್ತಾನೆಂದು ನನಗೆ ಗೊತ್ತಿತ್ತು.

"ನಮ್ಮಪ್ಪಗ ಗೊತ್ತಿತ್ತೇನ?"

"ಕರಕೊಂಡ ಬಂದಾಂವನ ಅವನ ಅಜ್ಜಾ. ಮೇವಿನ ಕೆಳಗ ಮಲಗಿಸಿಕೊಂಡ. ಆಕಿ, ಉಂಡಾರೇನ ಅಂತ ಕೇಳಿದ್ಲಂತ, ಅಷ್ಟ."

ದ್ಯಾಮಪ್ಪ ಅತ್ತ. ಮಗುವಿದ್ದಾಗ ಆಯಿಯ ಕಡೆ ಹೋಗಲು ಬಿಡದಾಗ ಹೇಗೆ ಅಳುತ್ತಿದ್ದನೋ, ಅದೇ ದನಿ. ನಾನು ಕೊಟ್ಟಿಗೆಯಿಂದ ಕೇಳುತ್ತಿದ್ದೆನಲ್ಲ, ಮರೆಯುತ್ತೇನೆಯೇ? ಅಂಗೈಯನ್ನು ನನ್ನ ಮೇಲಿಂದ ತೆಗೆಯಲಿಲ್ಲ. ಹೊರಗೆ ಊರಿನವರು ಹಾಲಿನ ತಂಬಿಗೆ ಹಿಡಿದು ನಾಗಪ್ಪನ ಕಟ್ಟೆಗೆ ಹೋಗುತ್ತಿದ್ದರು. ಕಟ್ಟಕಡೆಗೆ ಎರೆಯಬೇಕಾದ ಮನೆಯವರು ಇನ್ನೂ ಹೊರಟಿರಲಿಲ್ಲ.

"ಕಸ್ತೂರಿ."

"ಏನಜ್ಜಾ?"

"ಒಲಿ ಹಚ್ಚವಾ. ಹಂಚ ಇಡು."

"ಅಜ್ಜಾ, ಇವತ್ತ ಪಂಚಮಿ."

"ಗೊತ್ತೈತಿ" ಎಂದ ದ್ಯಾಮಪ್ಪ. "ಬಾಗಲಾ ತೆರದ ಇಟ್ಟ ಬಡಿ. ಓಣಿ ಮಂದಿಗೆ ಕೇಳಲಿ."

ಈಗ ನಾನು ಆ ಒಲೆಯ ಪಕ್ಕದಲ್ಲೇ ಇದ್ದೇನೆ, ತಳ ಮೇಲಾಗಿ. ಹೆಸರು ಕಾಣಲೆಂದು ಹಾಗೆ ಇಟ್ಟಿದ್ದಾರೆ. ಇನ್ನು ನನ್ನಿಂದ ಬೀಸಲಾಗುವುದಿಲ್ಲ, ಜೋಡಿ ಇಲ್ಲ. ಆದರೆ ಆ ಬೆಳಗ್ಗೆ ರೊಟ್ಟಿ ಬಡಿಯುವ ಸದ್ದು ಓಣಿಗೆಲ್ಲಾ ಕೇಳಿತು. ಬಾಗಿಲಿಗೆ ಹೆಂಗಸರು ಮುತ್ತಿದರು. ಮೊದಲ ಬಿಸಿ ರೊಟ್ಟಿಯನ್ನು ದ್ಯಾಮಪ್ಪ ಎರಡು ತುಂಡು ಮಾಡಿ, ಒಂದನ್ನು ನನ್ನ ಮೇಲೆ ಇಟ್ಟ.

"ಆಯಿ, ಉಂಡೀಯೇನ?" ಎಂದ.